ಅಳಿಸಿಹೋದ ಬೆರಳ ಗುರುತು

"ಏನ್ಲಾ ಮಾಡ್ಬುಟ್ಟೆ ನನ್ ರಾಕೆಟ್‌ನ?"

ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ಲೇತುಗಳು ಒಂದೊಂದಾಗಿ ನಿಂತವು. ಬಾಗಿಲಲ್ಲಿದ್ದವಳು ಎತ್ತರದ ಜರ್ಮನ್ ಹೆಂಗಸು. ಬಾಯಿಂದ ಬಂದದ್ದು ಅಪ್ಪಟ ಸಾತನೂರಿನ ಮಾತು! ಕೆಲಸದವರು ನಗು ತಡೆಯಲಾರದೆ ತಲೆ ತಗ್ಗಿಸಿದರು.

ಹೈಕೆ ನಗಲಿಲ್ಲ. ಕೈಲಿದ್ದ ರಾಕೆಟ್ಟನ್ನು ಎತ್ತಿ ಹಿಡಿದಳು.

ಟೆನಿಸ್ ಆಟದಿಂದ ನಿವೃತ್ತಳಾದ ಮೇಲೆ, 2003ರಲ್ಲಿ, ಬಿಡದಿಯ ಕಾರ್ಖಾನೆಯೊಂದರ ಕ್ಲಬ್ಬಿಗೆ ಕೋಚ್ ಆಗಿ ಬಂದವಳು ಅವಳು. ಎರಡು ವರ್ಷದಲ್ಲಿ ಕನ್ನಡ ಕಲಿಸಿದ್ದು ಸಾತನೂರಿನಿಂದ ಬಂದ ಅಡುಗೆಯ ವರಲಕ್ಷ್ಮಮ್ಮ. ಆಕೆ ತಮ್ಮನನ್ನು ಬಯ್ಯುವ ಮಾತುಗಳೇ ಇವಳಿಗೆ ಮೊದಲು ಬಂದಿದ್ದವು.

ಅಪ್ಪ ಕೊಡಿಸಿದ್ದ ಮರದ ರಾಕೆಟ್ಟಿನ ಹಿಡಿಕೆ ಸೀಳುಬಿಟ್ಟಿತ್ತು. 'ಸರಿ ಮಾಡಿಕೊಡಿ' ಎಂದು ಚೀಟಿ ಬರೆದು, ಹೋದ ವಾರ ಡ್ರೈವರ್ ಕೈಲಿ ಇಲ್ಲಿಗೆ ಕಳಿಸಿದ್ದಳು.

ಅಪ್ಪನ ನಂತರ ಕಾರ್ಖಾನೆ ನಡೆಸುತ್ತಿದ್ದ ಮುನಾವರ್ ಸರಿ ಮಾಡಿದ್ದ. ಸೀಳು ತುಂಬಿಸಿ, ಉಬ್ಬುತಗ್ಗೆಲ್ಲ ಉಜ್ಜಿ, ಕೆಂಪು ಅರಗು ಹಚ್ಚಿ, ಕೇದಿಗೆ ಎಲೆಯಲ್ಲಿ ತಿಕ್ಕಿ ಹೊಳಪು ಕೊಟ್ಟಿದ್ದ. ಗುರುತು ಉಳಿದ ಮರ ಆ ಕಾರ್ಖಾನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅದು ಅವನ ಅಪ್ಪನ ಕಾಲದ ಕಟ್ಟುನಿಟ್ಟು.

"ನೀನು ಉಜ್ಜಿ ತೆಗ್ದ ತಗ್ಗು ನನ್ ಬೆರಳಿಂದು," ಅವಳು ಹಿಡಿಕೆಯನ್ನು ಅವನ ಮುಂದೆ ಚಾಚಿದಳು. "ಇಪ್ಪತ್ತು ವರ್ಷದ್ದು."

ಪ್ರತಿ ಪಂದ್ಯದ ಹಿಂದಿನ ದಿನ ಅದೇ ರಾಕೆಟ್ ಹಿಡಿದು ಗೋಡೆಗೆ ಚೆಂಡು ಹೊಡೆಯುತ್ತಿದ್ದಳು. ಒಮ್ಮೆ ಜಗತ್ತಿನಲ್ಲೇ ಅರವತ್ತೊಂದನೇ ರ್‍ಯಾಂಕ್. ಸಣ್ಣ ಊರುಗಳಲ್ಲಿ ಎರಡು ಕಪ್. ಆಮೇಲೆ ಭುಜದ ಆಪರೇಷನ್. ಕೊನೆಯ ಪಂದ್ಯ ನೋಡಿದವರು ಹನ್ನೊಂದು ಜನ. ಪೇಪರಿನಲ್ಲಿ ಒಂದು ಸಾಲೂ ಬರಲಿಲ್ಲ.

ನಾನು ಆಡಿದ್ದೆ ಅನ್ನುವುದಕ್ಕೆ ಇನ್ನೇನು ಉಳಿಯಿತು...?

ಮುನಾವರನಿಗೂ ಸಿಟ್ಟು ಬಂತು. "ಹಂಗಿದ್ರೆ ಚೀಟೀಲಿ ಬರೀಬೇಕಿತ್ತು, ಮೇಡಂ. ನಾಕು ದಿನ ಕೂತು ಮಾಡಿದೀನಿ."

ನಿಜ, ಬರೆದಿರಲಿಲ್ಲ. ಆ ನಿಜವೇ ಅವಳನ್ನು ಇನ್ನಷ್ಟು ಕೆರಳಿಸಿತು. ರಾಕೆಟ್ ಅಲ್ಲೇ ಎಸೆದು ಹೊರಟುಹೋದಳು.

ಭಾನುವಾರ ಅವನು ಬಸ್ಸಿಳಿದು ಕ್ಲಬ್ಬಿಗೆ ಬಂದ. ಬರಿಗೈ, ರಾಕೆಟ್ಟೂ ತಂದಿರಲಿಲ್ಲ. ಕ್ಷಮೆ ಕೇಳಲು ಬಂದಿದ್ದರೆ ತಿರುಗಿ ಹೋಗು ಎಂದಳು. ಅವನು ಹೋಗಲಿಲ್ಲ.

"ಹೋದ ಗುರುತು ನನ್ ಕೈಲಿ ವಾಪಸ್ ಬರಲ್ಲ. ಸುಳ್ಳು ಗುರುತು ಕೆತ್ತಲ್ಲ. ನಾನು ಅಳಿಸಿದ್ದು ಏನು ಅಂತ ಒಸಿ ತೋರ್ಸಿ, ಮೇಡಂ."

ಅವಳು ಅವನನ್ನು ನೆಟ್ಟಿನ ಆಚೆ ನಿಲ್ಲಿಸಿದಳು. ನೋಯುವ ಭುಜದಿಂದಲೇ ಸರ್ವ್ ಹೊಡೆದಳು. ಮೊದಲ ಚೆಂಡು ಅವನ ಮೊಣಕಾಲಿಗೆ ಬಿತ್ತು. ಎರಡನೆಯದು ಹೊಟ್ಟೆಗೆ. ಅವನು ಅಲುಗಲಿಲ್ಲ.

ಸರಿದು ನಿಲ್ಲಬಾರದಾ, ಮೂರ್ಖ!

ಅವನು ಪ್ರತಿ ಭಾನುವಾರ ಬಂದ. ಹೊಡೆಯುತ್ತಲೇ ಅವಳು ಹೇಳಿದಳು: ಈ ಹೊಡೆತ ಗೆದ್ದ ಪಂದ್ಯದ್ದು, ಇದು ಭುಜ ಹರಿದ ದಿನದ್ದು. ಯಾರೂ ಇಷ್ಟು ಹತ್ತಿರ ನಿಂತು ಅವಳ ಆಟದ ಕತೆ ಕೇಳಿರಲಿಲ್ಲ. ಅವನು ಕಣ್ಣು ಮಿಟುಕಿಸದೆ ಕೇಳುತ್ತಿದ್ದ. ಅದಕ್ಕೂ ಅವಳಿಗೆ ಸಿಟ್ಟು. ಅವನು ಬರುವ ಬಸ್ಸು ತಡವಾದರೆ ಅದಕ್ಕಿಂತ ಸಿಟ್ಟು...

ಮೂರನೇ ತಿಂಗಳು ಒಂದು ಚೆಂಡು ಗೆರೆಯಂಚಿಗೆ ಬಿದ್ದು ಚಿಮ್ಮಿತು. ಅವನು ಬಾಯಿ ತೆರೆದು ನಿಂತ.

"ಇದು ಯಾವೂರಲ್ಲಿ ಹೊಡ್ದಿದ್ದು?"

"ಯಾವೂರಲ್ಲೂ ಅಲ್ಲ," ಅವಳ ಕಣ್ಣು ತುಂಬಿತು. "ಇವತ್ತಿಂದು. ನೀನು ನೋಡ್ತಿದ್ದೆ ಅಂತ ಹೊಡೆದೆ."

ಅವನು ನೆಟ್ಟಿನ ಹತ್ತಿರ ಬಂದ. ಮೊದಲ ಸಲ ಮೇಡಂ ಎನ್ನಲಿಲ್ಲ.

"ಹೈಕೆ, ಸಿಟ್ಟು ತೀರಿದ್ರೆ ಹೇಳು. ಬರೋದು ನಿಲ್ಲಿಸ್ತೀನಿ."

"ತೀರಿಲ್ಲ." ಅವಳು ಅವನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದಳು. "ತೀರೋದೂ ಇಲ್ಲ."

"ಹಂಗಾದ್ರೆ ದಿನಾ ಬತ್ತೀನಿ."

"ದಿನಾ ಬಂದು ಹೋಗೋದ್ಯಾಕೆ?" ಅಂದಳು. "ಇದ್ದುಬಿಡು."