ಹಾವುಗಾಡಿಯ ಎರಡು ಬಟನ್

ಪ್ರಮೋದಾ ಬಟನ್ ಒತ್ತಿದಳು. ಗಾಡಿ ಕದಲಲಿಲ್ಲ.

ಇನ್ನೊಮ್ಮೆ ಒತ್ತಿದಳು. ಹಸಿರು ದೀಪ ಆರಿ ಕೆಂಪು ದೀಪ ಹತ್ತಿಕೊಂಡಿತು. ತೊಡೆಯ ಮೇಲೆ ಕಬ್ಬಿಣದ ಸರಳು ಬಿಗಿಸಿಕೊಂಡು ಗಾಡಿಯಲ್ಲಿ ಕೂತಿದ್ದ ಕಾಲೇಜು ಹುಡುಗರು ಹೋ ಎಂದರು. ಯಾರೋ ಸೀಟಿ ಹೊಡೆದರು.

"ಮತ್ತೆ ನಿಂತೋಯ್ತಾ?" ಪ್ಲಾಟ್‌ಫಾರಂನ ಆ ತುದಿಯಿಂದ ಮುನಿಕೃಷ್ಣ ಕೂಗಿದ.

ಅವಳು ಅವನ ಕಡೆ ನೋಡಲಿಲ್ಲ. ಗಾಜಿನ ಕ್ಯಾಬಿನ್ನಿನೊಳಗೆ ಕೂತು, ಆ ಕೆಂಪು ದೀಪವನ್ನೇ ದಿಟ್ಟಿಸುತ್ತ, "ನಿಂಗೇ ಗೊತ್ತಿರ್ಬೇಕು" ಎಂದಳು. ಅವನಿಗೆ ಕೇಳಿಸದಷ್ಟು ಮೆಲ್ಲಗೆ.

ಇನ್ನು ಪೀಣ್ಯಕ್ಕೆ ಫೋನ್ ಹೋಗುತ್ತದೆ. ಊಟದ ಹೊತ್ತಿಗೆ ಎಂಜಿನಿಯರ್ ಆಶಾರಾಣಿ ಮೇಡಂ ಸ್ಕೂಟರಿನಲ್ಲಿ ಬರುತ್ತಾರೆ. ಬೂದುಬಣ್ಣದ ಪ್ಯಾಂಟು, ತೋಳು ಮಡಚಿದ ಶರ್ಟು, ಜೇಬಿನಲ್ಲಿ ಟೆಸ್ಟರ್. ಮುನಿಕೃಷ್ಣ ಓಡಿಹೋಗಿ ಅವರ ಬ್ಯಾಗು ಇಳಿಸಿಕೊಳ್ಳುತ್ತಾನೆ. ಕೇಳದೆಯೇ ಟೀ ತರುತ್ತಾನೆ. ಸಕ್ಕರೆ ಎಷ್ಟೆಂದೂ ಅವನಿಗೆ ಗೊತ್ತು.

ದೊಡ್ಡಬೆಳವಂಗಲದ ಆಚೆ, ಸಂಜೀವಪ್ಪನವರ ಪಾರ್ಕಿನಲ್ಲಿ, ಆ ಗಾಡಿಯ ಮುಂದೆ ರೋಲರ್ ಕೋಸ್ಟರ್ ಎಂದು ಬೋರ್ಡಿತ್ತು. ಸುತ್ತಲಿನವರೆಲ್ಲ ಹಾವುಗಾಡಿ ಎನ್ನುತ್ತಿದ್ದರು. ಬೇರೆಲ್ಲೋ ಓಡಿ ಓಡಿ ಹಳತಾದದ್ದನ್ನು ಸಂಜೀವಪ್ಪ ಬಿಡಿಬಿಡಿಯಾಗಿ ಲಾರಿಗಳಲ್ಲಿ ತರಿಸಿ, ರಾಗಿಹೊಲದ ಅಂಚಿನಲ್ಲಿ ಜೋಡಿಸಿ ನಿಲ್ಲಿಸಿದ್ದರು. ಈ ಬೇಸಿಗೆಯವರೆಗೂ ಅದನ್ನು ಹೊರಡಿಸಲು ಇದ್ದದ್ದು ಒಂದು ಲಿವರ್. ಮುನಿಕೃಷ್ಣ ಒಬ್ಬೊಬ್ಬರ ಸರಳನ್ನೂ ಎಳೆದು ನೋಡಿ, ತುದಿಯಲ್ಲಿ ನಿಂತು ಕೈ ಎತ್ತುತ್ತಿದ್ದ. ಕ್ಯಾಬಿನ್ನಿನಲ್ಲಿ ಪ್ರಮೋದಾ ಅವನನ್ನು ನೋಡಿ ತಾನೂ ಕೈ ಎತ್ತುತ್ತಿದ್ದಳು. ಆಮೇಲೆ ಲಿವರ್ ಎಳೆಯುತ್ತಿದ್ದಳು.

ಆ ನೋಟ ಎಷ್ಟು ಹೊತ್ತಿನದು? ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟು. ಆದರೆ ದಿನವಿಡೀ ಅದೇ. ಅವನ ಕಣ್ಣಿನ ಕೆಳಗಿನ ಸಣ್ಣ ಮಚ್ಚೆ, ನಗು ತಡೆದಾಗ ಒಂದು ಕಡೆಗೆ ವಾಲುವ ತುಟಿ, ಅವನು ಬೆಳಿಗ್ಗೆ ಮನೆಯಲ್ಲಿ ಜಗಳವಾಡಿ ಬಂದಿದ್ದಾನೋ ಇಲ್ಲವೋ ಎಂಬುದು, ಎಲ್ಲವೂ ಅವಳಿಗೆ ಆ ಒಂದೊಂದು ಉಸಿರಿನಲ್ಲೇ ತಿಳಿದದ್ದು. ಬಾಯಿಬಿಟ್ಟು ಇಬ್ಬರೂ ಏನನ್ನೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಕಂಡಿರಲಿಲ್ಲ.

ಆಮೇಲೆ ಹಳೆಯ ಕಂಟ್ರೋಲ್ ಪೆಟ್ಟಿಗೆ ಸುಟ್ಟುಹೋಯಿತು. ಅದರ ಜಾಗಕ್ಕೆ ಆಶಾರಾಣಿ ಬೆಳ್ಳಗಿನ ಒಂದು ಬೀರುವನ್ನು ತಂದು ಕೂರಿಸಿದರು. ಒಳಗೆ ಕಂಪ್ಯೂಟರ್ ಥರದ್ದೇ ಏನೋ. ಕ್ಯಾಬಿನ್ನಿನಲ್ಲಿ ಒಂದು ಬಟನ್, ಪ್ಲಾಟ್‌ಫಾರಂನಲ್ಲಿ ಒಂದು.

"ಹಸಿರು ದೀಪ ಬಂದ ತಕ್ಷಣ ಇಬ್ರೂ ಒಟ್ಟಿಗೆ ಒತ್ತಿ, ಅಷ್ಟೆ. ಈ ಕೈ ಎತ್ತೋದು, ಮುಖ ನೋಡೋದು ಏನೂ ಬೇಡ. ದೀಪ ನೋಡಿದ್ರೆ ಸಾಕು" ಎಂದಿದ್ದರು.

ಮುನಿಕೃಷ್ಣ ಬೀರುವಿನ ಬಾಗಿಲು ತೆಗೆದು ಒಳಗಿನ ವೈರುಗಳನ್ನು ನೋಡುತ್ತ, "ಎಂಥ ತಲೆ ಕಣೇ ಅವರ್ದು" ಎಂದಿದ್ದ.

ಅಂದಿನಿಂದ ಪ್ರಮೋದಾ ದೀಪ ನೋಡತೊಡಗಿದ್ದಳು.

*

ಆಶಾರಾಣಿ ಅಂದೂ ಬಂದರು. ಪ್ರಮೋದಾಳ ಕುರ್ಚಿಯ ಹಿಂದೆಯೇ ನಿಂತರು. ಅವರ ಬಳಿ ಪೌಡರಿನ ವಾಸನೆ ಇರಲಿಲ್ಲ, ಬಿಸಿ ವೈರಿನ ವಾಸನೆ ಇತ್ತು. ಅದೂ ಚೆನ್ನಾಗಿಯೇ ಇತ್ತು ಎನ್ನುವುದು ಪ್ರಮೋದಾಳ ಸಂಕಟ.

ಮೇಡಂ ಹಿಂದೆ ನಿಂತಿರುವಾಗ ಅವಳಿಗೆ ದೀಪದ ಮೇಲೆ ಕಣ್ಣಿಡಲಾಗುತ್ತಿರಲಿಲ್ಲ. ಮುನಿಕೃಷ್ಣ ಎತ್ತ ನೋಡುತ್ತಾನೆ? ಕ್ಯಾಬಿನ್ನಿನತ್ತ ಕತ್ತೆತ್ತಿದನಲ್ಲ, ಯಾರಿಗಾಗಿ? ಆ ವಾಲಿದ ತುಟಿ ಯಾರಿಗೆ? ಅವಳು ರೆಪ್ಪೆ ಬಡಿಯದೆ ಅವನನ್ನೇ ಕಾಯುತ್ತಿದ್ದಳು. ಅವನ ಹೆಬ್ಬೆರಳು ಬಟನ್ ಮೇಲೆ ಇಳಿದಾಗ ಅವಳ ಬೆರಳೂ ತಾನಾಗಿ ಇಳಿಯುತ್ತಿತ್ತು.

ಗಾಡಿ ಎಣ್ಣೆ ಹಾಕಿದಂತೆ ಜಾರಿ ಹೋಯಿತು. ಸಂಜೆಯವರೆಗೂ ಒಮ್ಮೆಯೂ ನಿಲ್ಲಲಿಲ್ಲ.

"ನೋಡಿ" ಎಂದರು ಆಶಾರಾಣಿ. "ನಾನು ಬಂದ್ರೆ ಮಾತ್ರ ಮರ್ಯಾದೆಯಾಗಿ ಓಡುತ್ತೆ ಇದು."

ಮುನಿಕೃಷ್ಣ ಕ್ಯಾಬಿನ್ ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದ. "ನಿಮ್ಮನ್ನ ಕಂಡ್ರೆ ಭಯ ಮೇಡಂ ಅದಕ್ಕೆ."

ಆಶಾರಾಣಿ ನಕ್ಕರು. ಪ್ರಮೋದಾ ತನಗೆ ತಂದಿದ್ದ ಲೋಟವನ್ನು ಮುಟ್ಟಲಿಲ್ಲ. ಅದರ ಮೇಲೆ ಕೆನೆ ಕಟ್ಟಿತು.

ಮೇಡಂ ಹೋದ ಮೇಲೆ ಬಸ್‌ಸ್ಟಾಪಿನಲ್ಲಿ ಅವಳು ಮುನಿಕೃಷ್ಣನಿಗೆ ಹೇಳಿಯೇಬಿಟ್ಟಳು.

"ನೀನೇ ಏನೋ ಮಾಡ್ತಿದೀಯ."

"ಏನ್ ಮಾಡ್ತಿದೀನಿ?"

"ಆವಮ್ಮ ಇದ್ದಾಗ ಓಡುತ್ತೆ, ಹೋದ್ಮೇಲೆ ನಿಲ್ಲುತ್ತೆ. ನಿಂತ್ರೆ ತಾನೆ ಅವರು ಬರೋದು."

ಅವನು ಮೊದಲು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. "ತಲೆ ಕೆಟ್ಟಿದ್ಯೇನೇ? ಜನ ಕೂತಿರೋ ಗಾಡಿ ಅದು."

"ಟೀಗೆ ಸಕ್ಕರೆ ಎಷ್ಟು ಅಂತಾನೂ ಗೊತ್ತು ನಿಂಗೆ."

"ನಿಂಗೆ ಎಷ್ಟು ಅಂತಾನೂ ಗೊತ್ತು. ನಾನ್ ತಂದಿದ್ದು ನೀನು ಕುಡಿಯೋದು ಬಿಟ್ಬಿಟ್ಟಿದೀಯ."

ಅವಳ ಬಸ್ಸು ಬಂತು. ಕಿಟಕಿಯ ಪಕ್ಕ ಸೀಟು ಸಿಕ್ಕರೂ ಹೊರಗೆ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಗಾಡಿ ಮತ್ತೆ ನಿಂತಿತು. ಪ್ರಮೋದಾ ನೇರ ಸಂಜೀವಪ್ಪನವರ ಮುಂದೆ ಹೋಗಿ ನಿಂತಳು.

"ಸಾರ್, ಮುನಿಕೃಷ್ಣನ್ನ ಬೇರೆ ಕಡೆ ಹಾಕಿ ನೋಡಿ. ಅವನೇ ಏನಾದ್ರೂ ಕೆದಕ್ತಿರ್ಬೋದು."

ಮಾತು ಹೊರಗೆ ಬಿದ್ದೊಡನೆ ಅದನ್ನು ನುಂಗಿಕೊಳ್ಳಬೇಕೆನಿಸಿತು. ಆದರೆ ಸಂಜೀವಪ್ಪನವರಿಗೆ ಬೈಯಲು ಒಬ್ಬ ಮನುಷ್ಯ ಬೇಕಾಗಿತ್ತು. ಕಂಪ್ಯೂಟರನ್ನು ಬೈದು ಬೈದು ಅವರಿಗೆ ಸಾಕಾಗಿತ್ತು. ಮುನಿಕೃಷ್ಣನನ್ನು ಕೊಳದ ಪೆಡಲ್ ಬೋಟುಗಳಿಗೆ ಹಾಕಿದರು. ಆ ಬೀರುವಿನ ಹತ್ತಿರ ಇನ್ನೊಮ್ಮೆ ಕಂಡರೆ ಮನೆಗೆ ಕಳಿಸುವುದಾಗಿಯೂ ಹೇಳಿದರು.

ಅವನು ಕ್ಯಾಬಿನ್ನಿನ ಮುಂದೆಯೇ ಹಾದುಹೋದ. ಅವಳು ಕತ್ತೆತ್ತಿದಳು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಯಾರೋ ಗುರುತಿಲ್ಲದವರನ್ನು ನೋಡುವಂತೆ ನೋಡಿ ನಡೆದ.

*

ಅವನ ಜಾಗಕ್ಕೆ ಗೇಟಿನ ಕೊಂಡಪ್ಪ ಬಂದ. ವಯಸ್ಸಾದವನು, ಹೇಳಿದ್ದನ್ನು ಹೇಳಿದಂತೆ ಮಾಡುವವನು.

ಮಧ್ಯಾಹ್ನ ಆಶಾರಾಣಿ ಪುಟ್ಟ ಪುಟ್ಟ ದೀಪಗಳ ಒಂದು ಸಾಲನ್ನು ತಂದು ಕ್ಯಾಬಿನ್ನಿನಲ್ಲಿ ಕೂರಿಸಿದರು. "ಎಲ್ಲಾದಕ್ಕೂ ಒಂದೇ ಕೆಂಪು ದೀಪ ಇಟ್ಟಿದ್ದು ನನ್ನ ತಪ್ಪು. ಸರಳಿಂದ ನಿಲ್ತೋ, ಬ್ರೇಕಿಂದ ನಿಲ್ತೋ ಗೊತ್ತೇ ಆಗ್ತಿರ್ಲಿಲ್ಲ. ಇನ್ನು ಯಾವುದರಿಂದ ನಿಲ್ತೋ ಅದರ ದೀಪಾನೇ ಹತ್ತುತ್ತೆ. ಖಾಲಿ ಗಾಡಿ ಬಿಡಿ, ನೋಡೋಣ."

ಹಸಿರು ದೀಪ ಬಂತು. ಕೊಂಡಪ್ಪ ಒತ್ತಿದ. ಪ್ರಮೋದಾಳ ಕಣ್ಣು ಪ್ಲಾಟ್‌ಫಾರಂನ ತುದಿಯಲ್ಲಿ ಯಾರನ್ನೋ ಹುಡುಕಿ, ಕಾಣದೆ, ಹಿಂದಕ್ಕೆ ಬಂತು. ಆಮೇಲೆ ಅವಳು ಒತ್ತಿದಳು.

ಕೆಂಪು. ಮೊದಲ ಸಲ, ಮೇಡಂ ಕಣ್ಣೆದುರಿಗೇ. ಸಾಲಿನ ಕೊನೆಯ ಪುಟ್ಟ ದೀಪವೂ ಹತ್ತಿತು.

"ಬಟನ್ನಾ?" ಆಶಾರಾಣಿ ಬಗ್ಗಿ ನೋಡಿದರು. "ಒಟ್ಟಿಗೆ ಒತ್ತಲಿಲ್ಲ ನೀವು. ಒಬ್ರು ಹಿಂದೆ ಬಿದ್ರೆ ಏನೋ ಎಡವಟ್ಟಾಗಿದೆ ಅಂತ ಅದು ಲಾಕ್ ಆಗುತ್ತೆ."

"ಕೊಂಡಪ್ಪ ಹೊಸಬ ಮೇಡಂ."

"ಕೊಂಡಪ್ಪ ಸರಿಯಾಗೇ ಒತ್ತಿದ್ರು, ನಾನು ನೋಡ್ತಿದ್ದೆ. ತಡ ಆಗಿದ್ದು ನಿಮ್ದು." ಒಂದು ಗಳಿಗೆ ಯೋಚಿಸಿದರು. "ನಾನಿದ್ದಾಗ ಯಾವತ್ತೂ ಹಿಂಗಾಗಿಲ್ವಲ್ರೀ. ಆಗೆಲ್ಲ ಹೆಂಗೆ ಒತ್ತುತ್ತಿದ್ರಿ?"

"ಮುನಿಕೃಷ್ಣನ್ನ ನೋಡ್ಕೊಂಡು."

"ನಾನಿಲ್ಲದಾಗ?"

ಮೇಡಂ ಇಲ್ಲದ ಬೆಳಿಗ್ಗೆಗಳು ಪ್ರಮೋದಾಳಿಗೆ ಒಂದೊಂದಾಗಿ ಕಂಡವು. ಸೆಡವಿನಿಂದ ತಗ್ಗಿಸಿದ ತನ್ನ ತಲೆ. ಅವನು ಕಾಯಲಿ, ಇನ್ನೂ ಸ್ವಲ್ಪ ಕಾಯಲಿ ಎಂದು ಬಟನ್ ಮೇಲೆ ತಡೆದು ಹಿಡಿದ ತನ್ನ ಬೆರಳು.

"ನಾನಿದ್ದಾಗ ಮಾತ್ರ ಅವರನ್ನ ಯಾಕೆ ನೋಡ್ತಿದ್ರಿ?" ಎಂದು ಕೇಳಿದ ಆಶಾರಾಣಿ, ಅವಳ ಕಿವಿಗಳು ಕೆಂಪಾದದ್ದನ್ನು ಕಂಡು ಮೆಲ್ಲನೆ ಸ್ಟೂಲಿನ ಮೇಲೆ ಕೂತರು. "ಅಯ್ಯೋ ದೇವ್ರೇ. ನಾನು ಇಡೀ ಗಾಡಿ ವೈರು ಬದಲಾಯಿಸ್ದೆ ಕಣ್ರೀ."

"ಸಾರಿ ಮೇಡಂ."

"ಅವರು ತರೋ ಟೀ ನಂಗೆ ಸೇರೋದೂ ಇಲ್ಲ. ಬೇಜಾರಾಗುತ್ತೆ ಅಂತ ಕುಡೀತಿದ್ದೆ."

*

ಮುನಿಕೃಷ್ಣ ಹಂಸದ ಆಕಾರದ ಬೋಟಿನಿಂದ ಮಗ್ಗಿನಲ್ಲಿ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದ. ಅವಳು ಬಂದದ್ದು ಗೊತ್ತಿದ್ದೂ ತಲೆ ಎತ್ತಲಿಲ್ಲ.

"ಗಾಡಿ ನಿಲ್ಲಿಸ್ತಿದ್ದಿದ್ದು ನಾನೇ" ಎಂದಳು. "ನಿನ್ನ ನೋಡ್ಬಾರ್ದು ಅಂತ ಕೂತಿರ್ತಿದ್ದೆ. ಬೆರಳು ತಡ ಆಗೋದು."

"ನೋಡ್ಬಾರ್ದು ಅನ್ನೋ ಅಷ್ಟು ಏನ್ ಮಾಡಿದ್ದೆ ನಾನು?"

"ಎಂಥ ತಲೆ ಅಂದೆ ಅವರನ್ನ."

"ತಲೆ ಚೆನ್ನಾಗಿದೆ, ಅದಕ್ಕಂದೆ."

"ನನ್ನ ಬಗ್ಗೆ ಯಾವತ್ತೂ ಏನೂ ಅಂದಿಲ್ಲ ನೀನು."

ಮಗ್ಗು ನಿಂತಿತು. "ಸರಳೆಲ್ಲ ನೋಡಾದ್ಮೇಲೂ ಕೈ ಎತ್ಕೊಂಡು ನಿಂತಿರ್ತಿದ್ನಲ್ಲ, ಯಾಕೆ ಅನ್ಕೊಂಡೆ? ಒಂದು ದಿನವಾದ್ರೂ ಬೇಗ ಇಳಿಸಿದ್ನಾ?" ಮತ್ತೆ ನೀರು ಚೆಲ್ಲಿದ. "ಆಮೇಲೆ ನೀನು ಆ ದೀಪಾನೇ ನೋಡ್ತಾ ಕೂತೆ. ನಂಗೂ ಹೊಟ್ಟೆ ಉರೀತಿತ್ತು."

"ಯಾರ ಮೇಲೆ?"

"ದೀಪದ ಮೇಲೆ."

ಅವಳಿಗೆ ನಗು ಬಂತು. ಅದರ ಬೆನ್ನಿಗೇ ಕಣ್ಣು ತುಂಬಿತು. "ಸಂಜೀವಪ್ಪನೋರಿಗೆ ಹೇಳಿದ್ದೂ ನಾನೇ."

"ಗೊತ್ತು. ಬೆಳಿಗ್ಗೆ ನಿನ್ನ ಮುಖದಲ್ಲೇ ಇತ್ತು." ಅವನು ಈಗ ಅವಳನ್ನು ನೋಡಿದ. "ಅದನ್ನ ಅಷ್ಟು ಬೇಗ ಮರೆಯಲ್ಲ ನಾನು."

"ಮರೀಬೇಡ. ನೋಡ್ತಾ ಇರು, ಸಾಕು."

ಏರಿಯ ಮೇಲೆ ಸಂಜೀವಪ್ಪ ಬರುತ್ತಿದ್ದರು. ಹಿಂದೆ ಆಶಾರಾಣಿ. ಮೇಡಂ ಅವರಿಗೆ ಎಲ್ಲವನ್ನೂ ಹೇಳಿಲ್ಲವೆಂಬುದು ಸಂಜೀವಪ್ಪನವರ ನಿರಾಳ ಮುಖದಿಂದಲೇ ತಿಳಿಯುತ್ತಿತ್ತು.

"ಬಟನ್ನಿಂದ ತೊಂದ್ರೆಯಂತಮ್ಮಾ. ಎರಡು ಇದ್ರೆ ತಾನೆ ಹಿಂದೆ ಮುಂದೆ ಆಗೋದು. ಮೇಡಂಗೆ ಹೇಳಿದೀನಿ, ಪ್ಲಾಟ್‌ಫಾರಂದು ಕಿತ್ತಾಕಿ ನಿನ್ನದೊಂದೇ ಇಡ್ಲಿ ಅಂತ. ಸರಳು ಬಿಗಿಯೋಕೆ ಕೊಂಡಪ್ಪ ಸಾಕು. ಇವನು ಬೋಟಲ್ಲೇ ಇರ್ಲಿ, ಯಾರ ತಪ್ಪು ಅಂತ ನಾನೂ ಕೇಳಲ್ಲ. ನೀನು ಯಾರ ದಾರೀನೂ ಕಾಯಂಗಿಲ್ಲ. ಗಾಡಿ ಪೂರ್ತಿ ನಿಂದೇ."

ಆಶಾರಾಣಿ ಕೊಳದ ನೀರನ್ನು ನೋಡುತ್ತಿದ್ದರು. ಮುನಿಕೃಷ್ಣ ಬೋಟಿನೊಳಗೆ ಬಗ್ಗಿದ. ನೀರು ಇರಲಿಲ್ಲ, ಆದರೂ ಮಗ್ಗು ಆಡಿಸಿದ.

"ಬೇಡ ಸಾರ್" ಎಂದಳು ಪ್ರಮೋದಾ.

"ಏನ್ ಬೇಡ?"

"ಅವನ ಬಟನ್ ಕೀಳೋದು ಬೇಡ. ತಪ್ಪು ನಂದು, ಅವನ್ದಲ್ಲ. ಒಂದೇ ಬಟನ್ನಿನ ಗಾಡಿ ನಾನು ಓಡಿಸಲ್ಲ."