ಚಿಕ್ಕಬೋರಯ್ಯನ ಮಗ

ಮಾರ್ಚ್ ಮೊದಲ ವಾರದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಕೆರಗೋಡು ಕಡೆಯ ಹಳ್ಳಿಯೊಂದರಿಂದ ಚಿಕ್ಕನಂಜಮ್ಮ ಎಂಬ ಎಪ್ಪತ್ತು ವರ್ಷದ ಹೆಂಗಸು ಮಗಳ ಜೊತೆ ಠಾಣೆಗೆ ಬಂದರು. ಸಬ್ ಇನ್‌ಸ್ಪೆಕ್ಟರ್ ಚಂದನ ಇಬ್ಬರನ್ನೂ ಕೂರಿಸಿ ದೂರು ಕೇಳಿದರು.

ಹೇಳಿದ್ದು ಮಗಳು. ತಂದೆ ಚಿಕ್ಕಬೋರಯ್ಯ ತೀರಿಹೋಗಿ ಎಂಟು ವರ್ಷವಾಗಿತ್ತು. ಜಮೀನಿನ ಖಾತೆಯನ್ನು ತಾಯಿಯ ಹೆಸರಿಗೆ ಮಾಡಿಸಲು ವಂಶವೃಕ್ಷ ಬೇಕೆಂದು ನಾಡಕಚೇರಿಗೆ ಅರ್ಜಿ ಹಾಕಿದಾಗ, ಆ ಹೆಸರಿಗೆ ಆಗಲೇ ಒಂದು ವಂಶವೃಕ್ಷ ಆಗಿದೆ ಎಂದು ಕಚೇರಿಯವರು ತೋರಿಸಿದರು. ಅದರ ಪ್ರಕಾರ ಚಿಕ್ಕಬೋರಯ್ಯನ ಹೆಂಡತಿ ಸಣ್ಣತಾಯಮ್ಮ, ಮೃತೆ. ಒಬ್ಬನೇ ಮಗ ಸಿದ್ದರಾಮು, ಭಾರತೀನಗರದ ವಾಸಿ. ಚಿಕ್ಕನಂಜಮ್ಮನ ಹೆಸರಾಗಲಿ ಮಗಳ ಹೆಸರಾಗಲಿ ಅದರಲ್ಲಿ ಇರಲೇ ಇಲ್ಲ.

ಚಿಕ್ಕನಂಜಮ್ಮ ಆಗ ಬಾಯಿ ಬಿಟ್ಟರು.

"ಜಮೀನು ಆಮ್ಯಾಕಾಯ್ತದೆ ಬುಡವ್ವ. ನಮ್ಮೆಜಮಾನ್ರು ಇನ್ನೊಬ್ಬಳ್ನ ಮಡಿಕಂಡಿದ್ರಾ? ಅದೊಂದ ತಿಳ್ಕಂಡು ಯೋಳು."

ಚಂದನ ಎಫ್‌ಐಆರ್ ದಾಖಲಿಸಿದರು. ಮರುದಿನ ಹೆಡ್ ಕಾನ್‌ಸ್ಟೇಬಲ್ ಶಿವಯ್ಯ ಕಚೇರಿಯಿಂದ ಮೂಲ ಅರ್ಜಿಯನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಅರ್ಜಿಯ ಜೊತೆಗಿದ್ದ ಮಹಜರಿಗೆ ಊರಿನ ಐದು ಜನರ ಸಹಿ ಇತ್ತು. ವಿಚಾರಿಸಿದರೆ, ಅವರಲ್ಲಿ ಇಬ್ಬರು ಮಹಜರಿನ ದಿನಾಂಕಕ್ಕೆ ಮೊದಲೇ ತೀರಿಕೊಂಡಿದ್ದರು. ಉಳಿದ ಮೂವರೂ ತಾವು ಸಹಿ ಹಾಕಿಲ್ಲ ಎಂದರು.

ಸಿದ್ದರಾಮುಗೆ ನಲವತ್ತೆಂಟು ವರ್ಷ. ಭಾರತೀನಗರದಲ್ಲಿ ಕಬ್ಬಿನ ಟ್ರಾಲಿಗಳನ್ನು ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ಪೊಲೀಸರನ್ನು ಕಂಡು ಓಡಲಿಲ್ಲ. ಕೈ ಒರೆಸಿಕೊಂಡು ಎದ್ದು ನಿಂತ.

"ನಿಮ್ಮ ತಂದೆ ಯಾರು?"

"ಚಿಕ್ಕಬೋರಯ್ಯ ಮೇಡಂ. ಕೆರಗೋಡು ಕಡೆಯೋರು. ಬೋರೇದೇವರ ಒಕ್ಕಲು."

"ಅವರನ್ನ ನೋಡಿದ್ದೀರಾ?"

"ಇಲ್ಲ."

"ಮತ್ತೆ ಹೇಗೆ ಗೊತ್ತು?"

"ಅವ್ವ ಯೋಳಿದ್ದು. ನಾನು ಉಟ್ಟಕ್ಕೆ ಮುಂಚೇನೆ ತೀರೋದ್ರು ಅಂತಿದ್ಲು. ಅದು ಸುಳ್ಳು. ಎಂಟು ವರ್ಸದ ಇಂದೆ ಸತ್ತಿರಾದು ದಾಖಲೇಲೇ ಅದೆ."

ಅವನ ಶಾಲೆಯ ಟಿಸಿಯಲ್ಲೂ ತಂದೆಯ ಹೆಸರು ಚಿಕ್ಕಬೋರಯ್ಯ ಎಂದೇ ಇತ್ತು. ಸಹಿಗಳ ಬಗ್ಗೆ ಕೇಳಿದಾಗ ತಲೆ ತಗ್ಗಿಸಿದ. ಚಂದನ ಅವನ ಕೈಬರಹದ ಮಾದರಿ ಪಡೆದು, ನೋಟಿಸ್ ಕೊಟ್ಟು ವಾಪಸು ಬಂದರು.

ಸಹಿ ಸುಳ್ಳು ಎಂಬುದರಲ್ಲಿ ಅನುಮಾನವಿರಲಿಲ್ಲ. ಮೊಕದ್ದಮೆಗೆ ಅಷ್ಟು ಸಾಕಾಗಿತ್ತು. ಆದರೆ ತಾಯಿ ಹೇಳಿದ ಸಾವು ಒಂದು, ದಾಖಲೆಯ ಸಾವು ಇನ್ನೊಂದು. ಚಿಕ್ಕನಂಜಮ್ಮ ಕೇಳಿದ ಪ್ರಶ್ನೆಗೂ ಉತ್ತರ ಸಿಕ್ಕಿರಲಿಲ್ಲ.

ಶಿವಯ್ಯ ಮತ್ತು ಚಂದನ ಊರಿನ ಹಿರಿಯರನ್ನು ಕೂರಿಸಿಕೊಂಡು ವಿಚಾರಿಸಿದರು. ಬೋರೇದೇವರನ್ನು ಮನೆದೇವರೆಂದು ನಡೆದುಕೊಳ್ಳುವ ಆ ಒಕ್ಕಲಿನಲ್ಲಿ ಮನೆಗೊಬ್ಬ ಬೋರಯ್ಯ. ದೊಡ್ಡಬೋರಯ್ಯ, ಸಣ್ಣಬೋರಯ್ಯ, ಚಿಕ್ಕಬೋರಯ್ಯ. ಅಜ್ಜನ ಹೆಸರು ಮೊಮ್ಮಗನಿಗೆ, ಅವನದು ಅವನ ಮೊಮ್ಮಗನಿಗೆ. ಹಳೆಯ ಪಹಣಿಗಳನ್ನು ಇಟ್ಟುಕೊಂಡು ಒಬ್ಬೊಬ್ಬರನ್ನೇ ಬಿಡಿಸುತ್ತಾ ಹೋದಾಗ, ಅದೇ ವಾರಿಗೆಯ ಇನ್ನೊಬ್ಬ ಚಿಕ್ಕಬೋರಯ್ಯ ಸಿಕ್ಕ. ಇಬ್ಬರ ತಂದೆಯರ ಹೆಸರೂ ದೊಡ್ಡಬೋರಯ್ಯನೇ. ಭಾಗವಾದ ಮೇಲೆ ಈ ಎರಡನೆಯವನ ಸಂಸಾರ ಅವನ ತಾಯಿಯ ತವರಾದ ಮಳವಳ್ಳಿ ಕಡೆಗೆ ಹೋಗಿ ನೆಲೆಸಿತ್ತು. ಆಮೇಲೆ ಊರಿನ ಯಾವ ಕಾಗದದಲ್ಲೂ ಅವರ ಸುದ್ದಿಯಿಲ್ಲ.

ಮಳವಳ್ಳಿಯಲ್ಲಿ ಆ ಮನೆಯವರೆಂದು ಉಳಿದಿದ್ದವರು ಹೊಂಬಾಳಮ್ಮ ಒಬ್ಬರೇ, ಆ ಚಿಕ್ಕಬೋರಯ್ಯನ ತಂಗಿ. ಅರವತ್ತು ದಾಟಿತ್ತು. ಮುಂದಿನ ವಾರದ ಮಂಗಳವಾರ ಮಧ್ಯಾಹ್ನ ಚಂದನ ಅವರ ಜಗಲಿಯಲ್ಲಿ ಕೂತು, ಅಣ್ಣನಿಗೆ ಮದುವೆಯಾಗಿತ್ತೇ ಎಂದು ಕೇಳಿದರು.

"ಇಲ್ಲ ಕಣವ್ವ. ಮದ್ವೆಗೆ ಮುಂಚೇನೇ ಓದ. ಗದ್ದೇಲಿ ಆವು ಕಚ್ತು."

"ಸಣ್ಣತಾಯಮ್ಮ ಅಂತ ಯಾರಾದರೂ ಗೊತ್ತಾ?"

ಹೊಂಬಾಳಮ್ಮ ಸೆರಗಿನ ತುದಿಯನ್ನು ಕೈಗೆ ತೆಗೆದುಕೊಂಡರು.

"ಎಣ ಇನ್ನೂ ಬಾಗಿಲ್ಲೇ ಇತ್ತು. ಆ ಉಡುಗಿ ಬಂದು ಬೇಲಿ ತಾವ ನಿಂತ್ಕಂಡ್ಲು. ಬಸ್ರಿ. ನಮ್ಮವ್ವ ಒಳಿಕ್ಕೆ ಬುಡ್ನಿಲ್ಲ. ಮಣ್ಣು ಮಾಡಿ ಬರಾಗಂಟ ಅಲ್ಲೇ ನಿಂತಿದ್ಲು, ಆಮ್ಯಾಕೆ ಕಾಣ್ನಿಲ್ಲ. ನಾನಾಗ ಇಷ್ಟುದ್ದ ಇದ್ದೆ." ಕಣ್ಣೊರೆಸಿಕೊಂಡು ಚಂದನರನ್ನು ನೋಡಿದರು. "ಅದು ಗಂಡ್ಕೂಸಾ, ಎಣ್ಕೂಸಾ?"

"ಗಂಡು," ಎಂದರು ಚಂದನ.

ವಾಪಸು ಬರುವಾಗ ಚಂದನ ಜೀಪನ್ನು ಚಿಕ್ಕನಂಜಮ್ಮನ ಮನೆಗೆ ತಿರುಗಿಸಿದರು. ಗಂಡನದು ಏನೂ ತಪ್ಪಿಲ್ಲ ಎಂದು ಹೇಳಿದಾಗ ಮುದುಕಿ ಗೋಡೆಗೆ ಒರಗಿ ಕೂತುಬಿಟ್ಟರು. "ಅವರ ಪಟ ತಗದು ಅಟ್ಟಕ್ಕೆ ಆಕ್ಬುಟ್ಟಿದ್ದೆ ಕಣವ್ವ," ಎಂದರು, ಅಷ್ಟೇ.

ಏಪ್ರಿಲ್ ಕೊನೆಯಲ್ಲಿ ಕೈಬರಹ ತಜ್ಞರ ವರದಿ ಬಂತು. ಐದು ಸಹಿಗಳೂ ಒಂದೇ ಕೈಯವು, ಸಿದ್ದರಾಮುವಿನವು. ಅವತ್ತೇ ಸಂಜೆ ನಾಲ್ಕಕ್ಕೆ ಅಂಗಡಿಯಲ್ಲೇ ಅವನನ್ನು ಬಂಧಿಸಿದರು. ಮಗಳು ತೇಜು ಅಂಗಡಿಯ ಬಾಗಿಲೆಳೆದು ಬೀಗ ಹಾಕಿ, ಕೀಲಿಕೈಯನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತಿದ್ದಳು.

ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಜಮೀನಿನ ಆಸೆ ತನಗಿರಲಿಲ್ಲ, ವಂಶವೃಕ್ಷ ಬೇಕಾಗಿದ್ದು ಮಗಳ ಮದುವೆಗೆ ಎಂದ. ಖಾತೆಗೆ ಅವನು ಅರ್ಜಿಯನ್ನೇ ಹಾಕಿರಲಿಲ್ಲ ಎಂಬುದನ್ನು ಶಿವಯ್ಯ ಮೊದಲೇ ವಿಚಾರಿಸಿದ್ದರು. ತೇಜುಗೆ ಮದ್ದೂರಿನಿಂದ ಸಂಬಂಧ ಬಂದಿತ್ತು. ಗಂಡಿನ ಕಡೆಯವರು ಯಾವ ಒಕ್ಕಲು ಎಂದು ಕೇಳಿದರು, ಅಪ್ಪನ ಕಡೆಯವರು ಯಾರಾದರೂ ಬಂದು ಹೇಳಲಿ ಎಂದರು. ಹೇಳುವವರು ಯಾರೂ ಇರಲಿಲ್ಲ. ಸಂಬಂಧ ಮುರಿಯಿತು. ಎರಡನೆಯದೂ ಹಾಗೇ ಆಯಿತು. ಆಮೇಲೆ ಅವನು ಹುಡುಕಿಕೊಂಡು ಹೋಗಿ, ದಾಖಲೆಯಲ್ಲಿ ಸಿಕ್ಕ ಒಬ್ಬನೇ ಚಿಕ್ಕಬೋರಯ್ಯನನ್ನು ಅಪ್ಪ ಎಂದು ನಂಬಿದ. ಬದುಕಿದ್ದ ಗಂಡ ಕೈಬಿಟ್ಟದ್ದನ್ನು ಮುಚ್ಚಲು ತಾಯಿ ಸುಳ್ಳು ಹೇಳಿದಳೆಂದುಕೊಂಡು ಅವಳ ಜೊತೆ ಮಾತು ಬಿಟ್ಟ. ಅವಳು ಸಾಯುವವರೆಗೂ ಆಡಲಿಲ್ಲ.

ಮಂಡ್ಯದ ಕೋರ್ಟಿಗೆ ಹೋಗುವ ದಾರಿಯಲ್ಲಿ ಚಂದನ ಅವನಿಗೆ ಮಳವಳ್ಳಿಯ ವಿಷಯ ಹೇಳಿದರು. ಹಾವು ಕಚ್ಚಿದ್ದು, ಬೇಲಿಯ ಹತ್ತಿರ ನಿಂತ ಹುಡುಗಿ, ಎಲ್ಲವನ್ನೂ. ಸಿದ್ದರಾಮು ಕೇಳುತ್ತಾ ಕೂತಿದ್ದ. ಜೀಪು ಊರೊಳಗೆ ಬಂದ ಮೇಲೆ ತಲೆಯೆತ್ತಿದ.

"ಅವ್ವ ದಿಟಾನೇ ಯೋಳಿದ್ಲಾ ಮೇಡಂ?"

"ಹೌದು," ಎಂದರು ಚಂದನ.

ಅವನು ಮುಖವನ್ನು ಆ ಕಡೆ ತಿರುಗಿಸಿಕೊಂಡ. ಕೋರ್ಟಿನ ಮುಂದೆ ಜೀಪು ನಿಂತಿತು. ಶಿವಯ್ಯ ತಕ್ಷಣ ಇಳಿಯಲು ಹೇಳಲಿಲ್ಲ.