ಕಾರಣ: ಎರಡು ಸಾಲಿನೊಳಗೆ ಬರೆಯಿರಿ

“ಈ ಯೋಜನೆ ಒಬ್ಬರದಾ? ಇಲ್ಲಾ, ಲಾರಾಸ್ ಅನ್ನೋ ಹೆಸರಲ್ಲಿ ಮೂರು ಜನ ಬಂದಿದ್ದೀರಾ?”

ಮೇಜಿನಾಚೆ ಕೂತಿದ್ದ ಗಡ್ಡದ ಹುಡುಗ ತಲೆ ಎತ್ತದೆಯೇ ಕೇಳಿದ. ಅವನ ಕೈಯಲ್ಲಿ ಕೆಂಪು ಪೆನ್ನು. ಪೆನ್ನಿನ ಕೆಳಗೆ, ಲಾರಾಸ್ ಮೂರು ವಾರ ಕೂತು ಏಳು ಬಣ್ಣದಲ್ಲಿ ಬರೆದ ಎರಡು ವರ್ಷದ ಓದಿನ ಯೋಜನೆ!

ಪ್ರೇಮ ಕಣ್ಣೋಟದಿಂದ ಶುರುವಾಗುತ್ತದೆ ಎನ್ನುವವರು ಜರ್ಮನಿಯಲ್ಲಿ ಎಂಜಿನಿಯರಿಂಗ್ ಓದಿದವರಲ್ಲ. ಅಲ್ಲಿ ಅದು ಕೆಂಪು ಪೆನ್ನಿನಿಂದಲೂ ಶುರುವಾಗಬಹುದು. ನಂಬಿದರೆ ನಂಬಿ, ಇದು ನಡೆದದ್ದು ನಡೆದ ಹಾಗೇ. ಒಗ್ಗರಣೆ ಮಾತ್ರ ಹೇಳುವವರದು.

ಆ ಹುಡುಗನ ಹೆಸರು ಓತಾರ್. ಜಾರ್ಜಿಯಾ ದೇಶದ ಕುತಾಯಿಸಿ ಊರಿನವನು. ಸ್ನಾತಕೋತ್ತರ ಮೂರನೇ ಸೆಮಿಸ್ಟರ್. ಪ್ರತಿ ಅಕ್ಟೋಬರಿನಲ್ಲಿ, ಹೊರದೇಶಗಳಿಂದ ಬಂದ ಹೊಸಬರ ಯೋಜನೆ ನೋಡಿ ಸಲಹೆ ಕೊಡುವ ಹಿರಿಯ ವಿದ್ಯಾರ್ಥಿಗಳಲ್ಲಿ ಅವನೂ ಒಬ್ಬ.

“ಒಂದೇ ಸೆಮಿಸ್ಟರಿಗೆ ನಲವತ್ತೆಂಟು ಕ್ರೆಡಿಟ್!” ಓತಾರ್ ಲೆಕ್ಕ ಹಾಕಿದ. “ಒಂದು ಕ್ರೆಡಿಟ್ಟಿಗೆ ಮೂವತ್ತು ಗಂಟೆ ಓದು. ಇಪ್ಪತ್ತು ವಾರಕ್ಕೆ ಹಂಚಿದ್ರೆ ವಾರಕ್ಕೆ ಎಪ್ಪತ್ತೆರಡು ಗಂಟೆ ಆಯ್ತು. ಊಟ ಯಾವಾಗ ಮಾಡ್ತೀರಿ?”

“ನಡೀತಾ,” ಎಂದಳು ಲಾರಾಸ್ ಗಲ್ಲ ಎತ್ತಿ.

“ನಿದ್ದೆ?”

“ನೀವು ಸಲಹೆ ಕೊಡುವಾಗ.”

ಈಗ ಅವನು ತಲೆ ಎತ್ತಿದ. ಐದಡಿಯ ಹುಡುಗಿ, ಮೂಗಿನ ತುದಿಯಲ್ಲಿ ಸಿಟ್ಟು. ಓತಾರ್ ಕೆಮ್ಮಿದ. ನಗು ಬಂದಾಗ ಕೆಮ್ಮುವುದು ಅವನ ಅಭ್ಯಾಸವೆಂದು ಅವಳಿಗೆ ಆಗ ಗೊತ್ತಿರಲಿಲ್ಲ.

“ನೋಡಿ, ನೀವು ಇಂಡೋನೇಷ್ಯಾದಲ್ಲಿ ಓದಿದ್ದು ಕೃಷಿ ಎಂಜಿನಿಯರಿಂಗ್. ಅದಕ್ಕೇ ನಿಮ್ಮ ಪ್ರವೇಶ ಪತ್ರದಲ್ಲಿ ಒಂದು ಷರತ್ತು ಹಾಕಿದ್ದಾರೆ. ಮೊದಲನೇ ವರ್ಷದೊಳಗೆ ಮೆಕ್ಯಾನಿಕ್ಸ್ ಪಾಸಾಗಬೇಕು. ಆಗದಿದ್ರೆ ಸೀಟು ಹೋಗುತ್ತೆ. ಅದನ್ನ ನೀವು ಎಲ್ಲಿಟ್ಟಿದ್ದೀರಿ? ಎಲ್ಲಾ ಮುಗಿದ ಮೇಲೆ, ಮೂಲೇಲಿ, ತಿಳಿ ಹಳದಿ ಬಣ್ಣದಲ್ಲಿ!”

ಸರ್‍ರ್... ಕೆಂಪು ಗೆರೆ. ಇನ್ನೊಂದು. ಮತ್ತೊಂದು.

*ಅಯ್ಯೋ ಪಾಪಿ! ನನ್ನ ಮೂರು ವಾರ!*

“ಯೋಜನೆ ಹಿಂದಿನಿಂದ ಮುಂದಕ್ಕೆ ಬರೀಬೇಕು,” ಓತಾರ್ ಮೆತ್ತಗೆ ಹೇಳಿದ. “ಮೊದಲು ಕೊನೇ ದಿನ ಬರೀರಿ. ಆಮೇಲೆ, ಅಲ್ಲಿಗೆ ಮುಟ್ಟೋಕೆ ಏನು ಬೇಕೋ ಅದನ್ನ. ಮೂವತ್ತು ಕ್ರೆಡಿಟ್ ಸಾಕು. ಉಳಿದ ಹೊತ್ತಲ್ಲಿ ಬದುಕಿ.”

ಲಾರಾಸ್ ಹಾಳೆ ಕಿತ್ತುಕೊಂಡು ಹೊರಟಳು. ಆದರೆ ಆ ಸಂಜೆ, ವಿದ್ಯಾರ್ಥಿ ನಿಲಯದ ಅಡುಗೆಮನೆಯಲ್ಲಿ, ಹೊಸ ಹಾಳೆಯ ಕೊನೆಯಲ್ಲಿ ಮೊದಲು ಕೊನೆಯ ದಿನವನ್ನೇ ಬರೆದಳು.

“ಯಾರೋ ಬುದ್ಧಿ ಹೇಳಿದ ಹಾಗಿದೆ,” ಎಂದಳು ಪಕ್ಕದ ಕೋಣೆಯ ವೀಬ್ಕೆ. ಜರ್ಮನಿಯವಳೇ. ಯಾರಿಗೂ ಏನನ್ನೂ ಸುತ್ತಿ ಬಳಸಿ ಹೇಳಿದವಳಲ್ಲ.

“ಬುದ್ಧಿ ಅಲ್ಲ, ಕೊಬ್ಬು,” ಎಂದಳು ಲಾರಾಸ್. ಮೆಕ್ಯಾನಿಕ್ಸ್ ಅನ್ನು ಮಾತ್ರ ಈ ಸಲ ಎಲ್ಲಕ್ಕಿಂತ ಮೇಲೆ ಬರೆದಿದ್ದಳು.

* * *

ಡಿಸೆಂಬರಿನ ಒಂದು ಬೆಳಿಗ್ಗೆ, ಕ್ಯಾಂಟೀನಿನ ಸಾಲಿನಲ್ಲಿ ಯಾರೋ ಭುಜ ತಟ್ಟಿದರು.

“ಮೆಕ್ಯಾನಿಕ್ಸ್ ಪರೀಕ್ಷೆಗೆ ಹೆಸರು ಕೊಟ್ರಾ?” ಓತಾರ್!

“ಅಕ್ಟೋಬರಿನಲ್ಲೇ ಕೊಟ್ಟಾಯ್ತು,” ಎಂದಳು ಗತ್ತಿನಿಂದ.

“ಅದು ಪಾಠಕ್ಕೆ. ಪರೀಕ್ಷೆಗೆ ಬೇರೆ ಕೊಡಬೇಕು.”

“ಪಾಠಕ್ಕೆ ಕೂತವರು ಪರೀಕ್ಷೆಗೆ ಕೂರದೆ ಇನ್ನೇನು ಮದುವೆಗೆ ಕೂರ್ತಾರಾ? ನಮ್ಮೂರಲ್ಲಿ ಒಂದೇ ಸಲ ಕೊಡೋದು!”

“ನಮ್ಮೂರಲ್ಲೂ ಹಾಗೇ. ಮೊದಲನೇ ಸೆಮಿಸ್ಟರಲ್ಲಿ ನಾನೂ ಹೀಗೇ ನಿಂತಿದ್ದೆ, ತಟ್ಟೆ ಹಿಡ್ಕೊಂಡು.” ಅವನ ಮುಖದಲ್ಲಿ ತಮಾಷೆ ಇರಲಿಲ್ಲ. “ಷರತ್ತು ಹಾಕಿದ ಪರೀಕ್ಷೆಗೆ ಕಂಪ್ಯೂಟರಲ್ಲಿ ಹೆಸರು ಕೊಡೋಕಾಗಲ್ಲ. ಕಾಗದದ ಅರ್ಜಿ ಕೊಡಬೇಕು. ಗಡುವು ಇವತ್ತು ಹನ್ನೆರಡು ಗಂಟೆಗೆ.”

ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಲವತ್ತು.

ಲಾರಾಸ್‌ಳ ಕೈಯಿಂದ ತಟ್ಟೆ ಜಾರಿತು. ಓತಾರ್ ಅದನ್ನು ಹಿಡಿದ. ಆಮೇಲೆ ಅವಳ ಕೈಯನ್ನೂ ಹಿಡಿದ. ಓಟ! ಹಿಮ ತುಳಿದ ದಾರಿ, ಎರಡು ಕಟ್ಟಡ, ನಾಲ್ಕು ಮಹಡಿ...

ಪರೀಕ್ಷಾ ಕಚೇರಿಯ ಹೋಲ್ಶರ್ ಮೇಡಂ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. ಅರ್ಜಿ ನೋಡಿದರು. ಗಡಿಯಾರ ನೋಡಿದರು. ಹನ್ನೊಂದು ಐವತ್ತೆಂಟು.

ಠಪ್! ಸೀಲು ಬಿತ್ತು.

“ಮುಂದಿನ ಸಲ,” ಎಂದರು ಹೋಲ್ಶರ್ ಮೇಡಂ, ಒಂದೊಂದೇ ಅಕ್ಷರವನ್ನು ಇಸ್ತ್ರಿ ಮಾಡಿದ ಹಾಗೆ, “ಓಡಿ ಬರಬೇಡಿ. ನಡೆದು ಬನ್ನಿ. ಒಂದು ವಾರ ಮುಂಚೆ.”

ಮೆಟ್ಟಿಲಿಳಿಯುವಾಗ ಲಾರಾಸ್‌ಳಿಗೆ ಅಳು ಬರುವುದರಲ್ಲಿತ್ತು. ಆದರೆ ಬಂದದ್ದೇ ಬೇರೆ! ಅವಳು ಮೂಗಿನ ಮೇಲೆ ಇಲ್ಲದ ಕನ್ನಡಕ ಇಳಿಸಿ, ಇಸ್ತ್ರಿ ಮಾಡಿದ ದನಿಯಲ್ಲಿ ಹೇಳಿದಳು: “ಮುಂದಿನ ಸಲ... ಅಳಬೇಡಿ. ಒಂದು ವಾರ ಮುಂಚೆ ಅತ್ತು ಬನ್ನಿ.”

ಓತಾರ್ ಮೆಟ್ಟಿಲ ಮೇಲೇ ಕೂತುಬಿಟ್ಟ. ಕೆಮ್ಮಿದ, ಕೆಮ್ಮಿದ... ಕೊನೆಗೆ ಕೆಮ್ಮು ಒಡೆದು ನಗುವಾಯಿತು.

“ಇನ್ನೊಂದ್ಸಲ! ದಯವಿಟ್ಟು ಇನ್ನೊಂದ್ಸಲ!”

ಕೆಳಗೆ ಬಂದ ಮೇಲೂ ಇಬ್ಬರ ಕೈಗಳು ಹಾಗೇ ಇದ್ದವು. ಬಿಡಬೇಕೆಂದು ಯಾರಿಗೂ ನೆನಪಾಗಲಿಲ್ಲ. ‘ನೀವು’ ಎಂಬುದು ಆ ನಾಲ್ಕು ಮಹಡಿಗಳಲ್ಲಿ ಎಲ್ಲೋ ಬಿದ್ದುಹೋಗಿತ್ತು.

ಆಮೇಲೆ ಶನಿವಾರಗಳು ಬಂದವು. ಓತಾರ್ ಚೀಸ್ ತುಂಬಿದ ತನ್ನೂರಿನ ರೊಟ್ಟಿ ಸುಡುತ್ತಿದ್ದ, ಲಾರಾಸ್ ಕೆಂಪು ಮೆಣಸಿನ ಸಾಂಬಾಲ್ ಚಟ್ನಿ ಅರೆಯುತ್ತಿದ್ದಳು. ಎರಡನ್ನೂ ಸೇರಿಸಿ ತಿಂದು ಅವನ ಕಣ್ಣಲ್ಲಿ ನೀರು. “ಖಾರಕ್ಕಾ?” ಎಂದರೆ, “ಇಲ್ಲ, ಮೆಕ್ಯಾನಿಕ್ಸಿಗೆ,” ಎನ್ನುತ್ತಿದ್ದ. ಊಟದ ನಂತರ ತೊಲೆ, ಬಲ, ಬಾಗುವಿಕೆಗಳ ಲೆಕ್ಕ. ಲೆಕ್ಕದ ನಂತರ ಹೋಲ್ಶರ್ ಮೇಡಂ ಪ್ರದರ್ಶನ. ಲಾರಾಸ್ ಪ್ರೊಫೆಸರರನ್ನೂ ರೈಲಿನ ಪ್ರಕಟಣೆಯನ್ನೂ ಅನುಕರಿಸುತ್ತಿದ್ದಳು. ಆದರೆ ಅವನಿಗೆ ಹೋಲ್ಶರ್ ಮೇಡಮ್ಮೇ ಬೇಕು.

ಫೆಬ್ರವರಿಯಲ್ಲಿ ಪರೀಕ್ಷೆ ಮುಗಿಯಿತು. ಮಾರ್ಚಿನಲ್ಲಿ ಫಲಿತಾಂಶ. ಲಾರಾಸ್ ಪಾಸು!

ಅವನು ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದ. ಏನೋ ಹೇಳಲು ಬಾಯಿ ತೆರೆದ.

“ಏನು?”

“ಏನಿಲ್ಲ...”

*ಹೇಳು ಮಾರಾಯ! ಇನ್ನೂ ಯಾವ ಗಡುವಿಗೆ ಕಾಯ್ತಿದ್ದೀಯ?* ಅವನು ಹೇಳಲಿಲ್ಲ.

* * *

ಮರುದಿನ, ತನ್ನೂರಿನ ಸೋಯಾ ತಿನಿಸು ತೆಂಪೆಯನ್ನು ಕರಿದು ತುಂಬಿದ ಡಬ್ಬಿ ಹಿಡಿದು ಲಾರಾಸ್ ಅವನ ಪ್ರಯೋಗಾಲಯಕ್ಕೆ ಹೋದಳು. ಓತಾರ್ ಹೊರಗೆಲ್ಲೋ ಪ್ರಿಂಟರಿನ ಹತ್ತಿರ. ಡಬ್ಬಿ ಇಡಲು ಮೇಜಿನ ಮೇಲೆ ಜಾಗ ಮಾಡಿದಳು. ಕಾಗದವೊಂದು ಸರಿಯಿತು.

ಅಂತಿಮ ಪ್ರಬಂಧದ ಅರ್ಜಿ. ಹೆಸರು: ಓತಾರ್. ವಿಷಯ: ಸಮುದ್ರದ ಗಾಳಿಯಂತ್ರದ ರೆಕ್ಕೆಗಳು. ಸ್ಥಳ: ಬ್ರೆಮೆನ್‌ನ ಒಂದು ಕಂಪನಿ. ಆರಂಭ: ಏಪ್ರಿಲ್ ಒಂದು. ಅವಧಿ: ಆರು ತಿಂಗಳು. ಅದರ ಮೇಲೆ ಕ್ಲಿಪ್ಪು ಹಾಕಿದ ಕಂಪನಿಯ ಪತ್ರ. ದಿನಾಂಕ, ಜನವರಿ!

ಜನವರಿ... ಎರಡು ತಿಂಗಳು! ಎಷ್ಟು ಶನಿವಾರ!

*ಕೊನೇ ದಿನವನ್ನ ಮೊದಲು ಬರಿ ಅಂದವನು ನನ್ನ ಕೊನೇ ದಿನವನ್ನೂ ಬರ್ಕೊಂಡೇ ಕೂತಿದ್ನಾ?*

ಅವನ ಯೋಜನೆಯಲ್ಲಿ ಯೋಜನಗಟ್ಟಲೆ ದೂರದ ಬ್ರೆಮೆನ್ ಇತ್ತು. ಅವಳು ಎಲ್ಲೂ ಇರಲಿಲ್ಲ.

ಡಬ್ಬಿ ಅಲ್ಲೇ ಬಿಟ್ಟು ಬಂದಳು. ಫೋನ್ ಎತ್ತಲಿಲ್ಲ. ಒಂದು ದಿನ, ಎರಡು ದಿನ, ಮೂರು ದಿನ. ‘ತೆಂಪೆ ಚೆನ್ನಾಗಿತ್ತು. ಏನಾಯ್ತು?’ ಎಂಬ ಸಂದೇಶಕ್ಕೂ ಉತ್ತರವಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ, ನಿಲಯದ ಅಡುಗೆಮನೆಯಲ್ಲಿ, ವೀಬ್ಕೆ ರೊಟ್ಟಿ ಕೊಯ್ಯುತ್ತಾ ಕೇಳಿದಳು: “ಅವನನ್ನೇ ಕೇಳಿದ್ಯಾ?”

“ನಾನ್ಯಾಕೆ ಕೇಳಲಿ? ಹೇಳಬೇಕಾದವನು ಅವನು.”

“ಅವನು ಹೇಳಲ್ಲ, ನೀನು ಕೇಳಲ್ಲ. ನಾಳೆ ಅರ್ಜಿಯ ಗಡುವು. ಅದನ್ನ ಕೊಟ್ಟು ಅವನು ರೈಲು ಹತ್ತಿರ್ತಾನೆ. ನೀನು ಇಲ್ಲೇ ಮೆಣಸಿನಕಾಯಿ ಅರೀತಾ ಇರ್ತೀಯ.”

“ಲಾರಾಸ್ ಕೇಳಲ್ಲ ಅಂದ್ರೆ ಕೇಳಲ್ಲ!”

“ಹೋಗ್ಲಿ ಬಿಡು,” ವೀಬ್ಕೆ ತನ್ನ ಫೋನನ್ನು ಮೇಜಿನ ಮೇಲೆ ಜಾರಿಸಿದಳು. “ಹೋಲ್ಶರ್ ಮೇಡಂ ಕೇಳಲಿ. ನನ್ನ ನಂಬರು ಅವನ ಹತ್ರ ಇಲ್ಲ.”

ಲಾರಾಸ್ ಫೋನ್ ನೋಡಿದಳು. ಅತ್ತು ಕೆಂಪಾದ ಕಣ್ಣಲ್ಲಿ ಏನೋ ಮಿಂಚಿತು. ಮೂಗಿನ ಮೇಲೆ ಇಲ್ಲದ ಕನ್ನಡಕ ಇಳಿಸಿ, ಓತಾರ್‌ನ ನಂಬರು ಒತ್ತಿ ಸ್ಪೀಕರ್ ಹಾಕಿದಳು.

“ಪರೀಕ್ಷಾ ಕಚೇರಿ. ಹೋಲ್ಶರ್.”

ಆ ಕಡೆ ಒಂದು ಕೆಮ್ಮು.

“ನಮಸ್ಕಾರ ಮೇಡಂ.”

“ನಿಮ್ಮ ಪ್ರಬಂಧದ ಅರ್ಜಿ ಇನ್ನೂ ಬಂದಿಲ್ಲ. ಬ್ರೆಮೆನ್ನಾ? ಇಲ್ಲೇನಾ? ಒಂದು ಕಡೆ ಹೇಳಿ.”

“ಬ್ರೆಮೆನ್ ಅಂತ ಬರೆದಿದ್ದೆ. ಹೊಡೆದು ಹಾಕಿ ಇಲ್ಲೇ ಮಾಡೋಣ ಅಂತ ಯೋಚಿಸ್ತಾ ಇದ್ದೀನಿ.”

ಲಾರಾಸ್ ವೀಬ್ಕೆಯ ಕಡೆ ತಿರುಗಿ ನೋಡಿದಳು. ದನಿ ಮಾತ್ರ ಇಸ್ತ್ರಿಯಾಗೇ ಇತ್ತು. “ಬದಲಾವಣೆಗೆ ಕಾರಣ ಬೇಕು. ಅರ್ಜಿಯಲ್ಲಿ ಕಾರಣಕ್ಕೆ ಎರಡೇ ಸಾಲು ಇರೋದು.”

“ಎರಡು ಸಾಲು ಸಾಲದು ಮೇಡಂ.”

“ಎಲ್ಲರಿಗೂ ಸಾಲುತ್ತೆ. ನಿಮ್ಮ ಕಾರಣ ಏನು ಅಷ್ಟು ದೊಡ್ಡದಾ?”

“ದೊಡ್ಡದೇನಲ್ಲ. ಐದಡಿ ಇರಬಹುದು. ಅಕ್ಟೋಬರಿನಲ್ಲಿ ನಲವತ್ತೆಂಟು ಕ್ರೆಡಿಟ್ ಹೊತ್ಕೊಂಡು ಬಂದು ನನ್ನ ಮುಂದೆ ಕೂತಿತ್ತು. ಕೆಂಪು ಗೆರೆ ಎಳೆದಿದ್ದಕ್ಕೆ ನುಂಗೋ ಹಾಗೆ ನೋಡ್ತು. ಅವತ್ತಿಂದ ನನ್ನ ಒಂದು ಲೆಕ್ಕಾನೂ ಸರಿಯಾಗಿಲ್ಲ.”

ವೀಬ್ಕೆಯ ಚಾಕು ರೊಟ್ಟಿಯ ನಡುವೆಯೇ ನಿಂತಿತು.

“ಆ... ಆ ಕಾರಣಕ್ಕೆ ಬ್ರೆಮೆನ್ ವಿಷಯ ತಿಳಿಸಿದ್ದೀರಾ?” ಇಸ್ತ್ರಿ ಸ್ವಲ್ಪ ಸುಕ್ಕಾಯಿತು.

“ಇಲ್ಲ. ಅದೇ ತಪ್ಪು. ಪತ್ರ ಬಂದಾಗ ಅವಳ ಪರೀಕ್ಷೆ ಹತ್ರ ಇತ್ತು. ಅದು ಕೈಕೊಟ್ರೆ ಸೀಟೇ ಹೋಗ್ತಿತ್ತು. ತಲೆ ಕೆಡಿಸೋದು ಬೇಡ, ಮುಗೀಲಿ ಅಂದ್ಕೊಂಡೆ. ಮುಗೀತು... ಆಮೇಲೆ ಧೈರ್ಯ ಸಾಲಲಿಲ್ಲ. ಹೇಳಿದ್ರೆ ‘ಹೋಗಬೇಡ’ ಅಂತಾಳೋ ಅಂತ ಭಯ. ‘ಹೋಗು’ ಅಂದುಬಿಟ್ರೆ ಅಂತ ಇನ್ನೂ ಭಯ.” ದನಿ ತಗ್ಗಿತು. “ನಾನು ಅವಳನ್ನ ಪ್ರೀತಿಸ್ತೀನಿ ಮೇಡಂ. ಇದಕ್ಕೂ ಸೀಲು ಬೇಕಾಗುತ್ತಾ?”

ಲಾರಾಸ್‌ಳ ಕೆನ್ನೆಯ ಮೇಲೆ ನೀರು ಹರಿಯಿತು. ಆದರೆ ಹೋಲ್ಶರ್ ಮೇಡಂ ಅಳುವುದಿಲ್ಲ! ಅವಳು ಕೆನ್ನೆ ಒರೆಸಿಕೊಂಡಳು. ಸಮುದ್ರದ ಗಾಳಿಯಂತ್ರ ಎಂದರೆ ಈ ಹುಡುಗನ ಕಣ್ಣು ಹೇಗೆ ಹೊಳೆಯುತ್ತದೆಂದು ಅವಳಿಗಲ್ಲದೆ ಯಾರಿಗೆ ಗೊತ್ತು?

“ನಿಮ್ಮ ಬದಲಾವಣೆ ಕೋರಿಕೆ... ತಿರಸ್ಕರಿಸಲಾಗಿದೆ.”

“ಏನು?!”

“ಕಾರಣ ಚೆನ್ನಾಗಿದೆ. ಆದರೂ ತಿರಸ್ಕೃತ. ನೀವು ಬ್ರೆಮೆನ್‌ಗೇ ಹೋಗ್ತೀರಿ. ಒಂದು ಶನಿವಾರ ನೀವು ಇಲ್ಲಿಗೆ ಬರಬೇಕು. ಮುಂದಿನ ಶನಿವಾರ ಕಾರಣವೇ ಮೂರು ಕಡೆ ರೈಲು ಬದಲಾಯಿಸಿ ಅಲ್ಲಿಗೆ ಬರುತ್ತೆ. ಸಾಂಬಾಲ್ ಸಮೇತ. ಆರು ತಿಂಗಳು. ಆಮೇಲೆ ಏನಂತ ಇಬ್ಬರೂ ಕೂತು ಬರೀತೀರಿ. ಹಿಂದಿನಿಂದ ಮುಂದಕ್ಕೆ.”

“ಒಪ್ಪಿಗೆ,” ಎಂದ ಓತಾರ್. ದನಿ ಒದ್ದೆಯಾಗಿತ್ತು. “ಈಗ ಬಾಗಿಲು ತೆಗಿ ಲಾರಾಸ್. ಮೆಟ್ಟಿಲ ಮೇಲೆ ಚಳಿ.”

ಲಾರಾಸ್ ಕುರ್ಚಿಯಿಂದ ಹಾರಿಬಿದ್ದಳು. ಬಾಗಿಲು ತೆರೆದರೆ, ಕಿವಿಗೆ ಫೋನು, ಕೈಯಲ್ಲಿ ತೊಳೆದ ಖಾಲಿ ಡಬ್ಬಿ, ಗಡ್ಡದೊಳಗೆ ನಗು!

“ಯಾ... ಯಾವಾಗಿಂದ ಗೊತ್ತಿತ್ತು ನಾನು ಅಂತ?”

“ಮೊದಲನೇ ಮಾತಿಗೇ.”

“ಸುಳ್ಳು! ನನ್ನ ದನಿ ಅಷ್ಟು ಕೆಟ್ಟದಾಗಿತ್ತಾ?”

“ದನಿ ಅಸಲಿಗಿಂತ ಚೆನ್ನಾಗಿತ್ತು. ಆದ್ರೆ ಇವತ್ತು ಬುಧವಾರ ಕಣೇ! ಪರೀಕ್ಷಾ ಕಚೇರಿ ಮಂಗಳವಾರ, ಗುರುವಾರ, ಹತ್ತರಿಂದ ಹನ್ನೆರಡು. ಬುಧವಾರ ಭೂಕಂಪ ಆದರೂ ಹೋಲ್ಶರ್ ಮೇಡಂ ಫೋನ್ ಮುಟ್ಟಲ್ಲ. ಏಳು ಬಣ್ಣದಲ್ಲಿ ವಾರ ಬರೆಯೋಳು ವಾರಾನೇ ನೋಡಲಿಲ್ವಾ?”

ವೀಬ್ಕೆ ಹಣೆ ಚಚ್ಚಿಕೊಂಡಳು. “ಛೇ! ಇಲ್ಲೇ ಹುಟ್ಟಿ ಬೆಳೆದ ನನಗೂ ಹೊಳೀಲಿಲ್ವಲ್ಲ!”

“ಅಂದ್ರೆ...” ಲಾರಾಸ್‌ಳ ಕಣ್ಣುಗಳು ಅರಳಿದವು. “ಅದಿಷ್ಟೂ... ಗೊತ್ತಿದ್ದೇ ಹೇಳಿದ್ದಾ?”

“ಗೊತ್ತಿದ್ದೇ. ನಿನ್ನ ಮುಖ ನೋಡಿ ಹೇಳೋಕೆ ಐದು ತಿಂಗಳಿಂದ ಆಗಿರಲಿಲ್ಲ. ಹೋಲ್ಶರ್ ಮೇಡಂ ಹತ್ರ ಸಲೀಸಾಗಿ ಬಂತು.”

“ಪ್ರೀತಿಸ್ತೀನಿ ಅಂದದ್ದು ಮೇಡಮ್ಮಿಗಾ, ನನಗಾ?”

“ಫೋನ್ ಯಾರದೋ ಅವರಿಗೆ.”

“ಫೋನು ನಂದು!” ಎಂದು ವೀಬ್ಕೆ ರೊಟ್ಟಿ ಚಾಕು ಎತ್ತಿದಳು.

ಓತಾರ್ ಕೆಮ್ಮತೊಡಗಿದ. ಲಾರಾಸ್ ಅವನ ಎದೆಗೆ ಒಂದು ಗುದ್ದು ಕೊಟ್ಟಳು, ಅದೇ ಜಾಗಕ್ಕೆ ತಲೆ ಆನಿಸಿದಳು.

“ನಾನೂ ಕಣೋ,” ಎಂದಳು, ಯಾರ ಅನುಕರಣೆಯೂ ಅಲ್ಲದ ದನಿಯಲ್ಲಿ. “ಅಕ್ಟೋಬರಿಂದ.”

“ಕೆಂಪು ಪೆನ್ನಿನ ದಿನದಿಂದಲಾ?”

“ಆ ದಿನ ಕೊಲ್ಲಬೇಕು ಅನ್ನಿಸಿತ್ತು. ಮರುದಿನದಿಂದ.”

ಅಷ್ಟು ಹೇಳಿದವಳೇ, ತಾನು ಬೀಸಿದ ಬಲೆಯಲ್ಲಿ ತಾನೇ ಎಷ್ಟು ಅಚ್ಚುಕಟ್ಟಾಗಿ ಬಿದ್ದಿದ್ದೇನೆಂಬುದು ಈಗಷ್ಟೇ ಪೂರ್ತಿ ಅರಿವಾದವಳಂತೆ, ಲಾರಾಸ್ ನಗಲು ಶುರು ಮಾಡಿದಳು. ಮೂರೂ ಜನರ ನಗುವಿನಲ್ಲಿ ಅವಳದೇ ದೊಡ್ಡದು. ಕೆಳಗಿನ ಮಹಡಿಯವರು ಏನಾಯಿತೆಂದು ಬಾಗಿಲು ತೆರೆದು ನೋಡುವಷ್ಟು!